ದೊರ್ಕಳು ಹೊಲಿದ ಅಂಗಿಗಳೂ ನಮ್ಮ ಸಭೆಯ ಕೌದಿಯೂ

(ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯ, 36ರಿಂದ 42ರ ವರೆಗೆ ಓದಿಕೊಳ್ಳಿರಿ.)



ಯೊಪ್ಪ ಎಂಬ ಸಮುದ್ರತೀರದ ಪಟ್ಟಣದಲ್ಲಿ ತಬಿಥಾ ಎಂಬ ಶಿಷ್ಯಳು ಇದ್ದಳು. ಗ್ರೀಕ್ ಭಾಷೆಯಲ್ಲಿ ಆಕೆಗೆ ದೊರ್ಕ ಎಂದು ಹೆಸರು. ಆಕೆ ರೋಗದಿಂದ ಸತ್ತಾಗ ಶವಕ್ಕೆ ಸ್ನಾನ ಮಾಡಿಸಿ ಮೇಲಂತಸ್ತಿನ ಕೋಣೆಯಲ್ಲಿ ಇಟ್ಟರು. ಸಮೀಪದ ಲುದ್ದದಲ್ಲಿದ್ದ ಪೇತ್ರನನ್ನು ಕರೆತಂದಾಗ ವಿಧವೆಯರೆಲ್ಲರು ಅಳುತ್ತಾ ಅವನ ಬಳಿಯಲ್ಲಿ ನಿಂತು, ಆಕೆ ತಮ್ಮ ಸಂಗಡ ಇದ್ದಾಗ ಮಾಡಿದ ಅಂಗಿಗಳನ್ನೂ ಬಟ್ಟೆಗಳನ್ನೂ ತೋರಿಸಿದರೆಂದು ಓದುತ್ತೇವೆ.

ಈ ಸಂಗತಿಯನ್ನು ಸ್ವಲ್ಪ ಆಲೋಚಿಸಿರಿ. ಸತ್ತವಳನ್ನು ಕುರಿತು ಹೇಳಬೇಕಾದಾಗ ಆ ಬಡ ಹೆಂಗಸರು ದೊಡ್ಡ ಮಾತುಗಳನ್ನು ಹುಡುಕಲಿಲ್ಲ; ಕಲ್ಲಿನ ಮೇಲೆ ಬರಹ ಕೆತ್ತಿಸಲಿಲ್ಲ. ಮೈಮೇಲಿನ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಇದು ಆಕೆಯದು ಎಂದು ತೋರಿಸಿದರು. ಹೊಲಿಗೆ ನೆಟ್ಟಗಿತ್ತೋ ಸೊಟ್ಟಗಿತ್ತೋ ಎಂಬದನ್ನು ಪೇತ್ರನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಬಟ್ಟೆಯೇ ಆಕೆಯ ಜ್ಞಾಪಕಾರ್ಥವಾಗಿತ್ತು.

ಕಿನ್ನಾಳದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇರುವ ನಮಗೆ ಇಂಥ ಜ್ಞಾಪಕವು ಹೊಸದಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಥವಾ ನಡುಮನೆಯ ಗಳದ ಮೇಲೆ ಮಡಿಸಿಟ್ಟ ಕೌದಿಯನ್ನು ತೆಗೆದು ಹಾಸಿ ನೋಡಿರಿ. ಈ ತುಂಡು ಅವ್ವನ ಇಳಕಲ್ ಸೀರೆಯದು. ಇದು ಅಕ್ಕನ ಗುಳೇದಗುಡ್ಡದ ಖಣದ ಕುಪ್ಪಸದ್ದು. ಇದು ಅಪ್ಪನ ಧೋತರದ್ದು. ಇದು ಬದುಕದೆ ಹೋದ ತಮ್ಮನ ಅಂಗಿಯದು. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಸಾಲುಸಾಲಾಗಿ ಹೊಲಿಯುತ್ತಾ ಬರುವ ಆ ಕೆಲಸವನ್ನು ನಮ್ಮ ಅಜ್ಜಿಯರು ಸುಗ್ಗಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಮಾಡುತ್ತಿದ್ದರು. ಓದು ಬರಹ ಬಾರದವರಿಗೆ ಕೌದಿಯೇ ವಂಶದ ಪುಸ್ತಕವಾಗಿತ್ತು.

ಆದಕಾರಣ ನಾನು ನಿಮ್ಮ ಮುಂದೆ ಇಡುವ ಮಾತು ಇದು. ಪ್ರತಿಯೊಂದು ಸಭೆಯು ತನ್ನೊಳಗಿಂದ ಅಗಲಿಹೋದವರ ಜ್ಞಾಪಕಾರ್ಥವಾಗಿ ಒಂದು ಕೌದಿಯನ್ನು ಮಾಡಲಿ. ಒಂದೊಂದು ಮನೆಯವರು ಒಂದು ಗೇಣು ಅಗಲ, ಒಂದು ಗೇಣು ಉದ್ದದ ಒಂದೊಂದು ಚೌಕವನ್ನು ತರಲಿ. ಆರು ಗೇಣು ಅಗಲಕ್ಕೂ ಎಂಟು ಗೇಣು ಉದ್ದಕ್ಕೂ 48 ಚೌಕಗಳು ಸಾಕು; ಒಬ್ಬರು ಹೊದ್ದು ಮಲಗುವಷ್ಟಾಗುವದು. ಇದಕ್ಕೆ ಹಣ ಬೇಕಾಗಿಲ್ಲ. ಆದರೆ ಎರಡು ಅಡ್ಡಿಗಳು ಬರುವವು. ಅವುಗಳಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು.

ಮೊದಲನೆಯ ಅಡ್ಡಿ ಏನಂದರೆ, ನಮಗೆ ಹೊಲಿಯಲು ಬಾರದು ಎಂಬದು. ಗಂಡಸರು ಇದನ್ನು ಹೇಳುವರು. ಶಾಲೆಗೆ ಹೋಗುವ ಹುಡುಗಿಯರೂ ಈಗ ಇದನ್ನೇ ಹೇಳುವರು. ಇಂಥವರು ಚಳಿಯ ದೇಶಗಳಲ್ಲಿ ಉಣ್ಣೆಯ ನೂಲನ್ನು ಎರಡು ಕಡ್ಡಿಗಳಿಂದ ಹೆಣೆಯಲು ಕಲಿಯುವವರನ್ನು ಕುರಿತು ಕೇಳಲಿ. ಹೊಸದಾಗಿ ಕಲಿಯುವವಳಿಗೆ ಅಂಗಿಯನ್ನಾಗಲಿ ಕಾಲುಚೀಲವನ್ನಾಗಲಿ ಕೊಡುವದಿಲ್ಲ, ಒಂದು ಚೌಕವನ್ನೇ ಹೆಣೆಯಲು ಹೇಳುತ್ತಾರೆ. ಆಕೆ ಇಪ್ಪತ್ತು ಕುಣಿಕೆಗಳಿಂದ ಆರಂಭಿಸುವಳು. ತನಗೆ ತಿಳಿಯದೆ ಅವು ಇಪ್ಪತ್ತಮೂರಾಗಿ ಚೌಕದ ಮೇಲ್ಭಾಗವು ಹಿಗ್ಗುವದು. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ತೂತು ಬೀಳುವದು. ನೂಲನ್ನು ಬಿಗಿಯಾಗಿ ಎಳೆದರೆ ಚೌಕವು ಸಣ್ಣದಾಗುವದು. ಆದರೂ ಅಂಥ ಅನೇಕರ ಚೌಕಗಳನ್ನು ಕೂಡಿಸಿ ಕಂಬಳಿ ಮಾಡುವ ಅನುಭವಸ್ಥಳು ಅವುಗಳನ್ನು ಎಸೆಯುವದಿಲ್ಲ. ಸಣ್ಣದರ ಸುತ್ತಲೂ ಇನ್ನೆರಡು ಸಾಲು ಹೆಣೆದು ದೊಡ್ಡದು ಮಾಡುತ್ತಾಳೆ; ಜಾರಿದ ಕುಣಿಕೆಯನ್ನು ಹಿಂದಿನಿಂದ ಹಿಡಿದು ಬಿಗಿಯುತ್ತಾಳೆ. ಒಂದು ಚೌಕಕ್ಕೆ ಬಲವಿಲ್ಲದಿದ್ದರೂ ನಾಲ್ಕು ಕಡೆಯ ನೆರೆಯ ಚೌಕಗಳು ಅದನ್ನು ಹಿಡಿದು ನಿಲ್ಲಿಸುವವು. ಕಲಿತವಳು ಕಲಿಯದವಳ ಪಕ್ಕದಲ್ಲಿ ಕೂತುಕೊಳ್ಳುವದರಿಂದಲೇ ಆ ಕಂಬಳಿ ಆಗುವದು.

ಇದಕ್ಕೆ ನಮ್ಮ ಕಿನ್ನಾಳದಲ್ಲಿಯೇ ಸಾಕ್ಷಿ ಇದೆ. ಅಲ್ಲಿಯ ಚಿತ್ರಗಾರರ ಬಣ್ಣದ ಗೊಂಬೆಗಳನ್ನು ನೀವು ಸಂತೆ ಜಾತ್ರೆಗಳಲ್ಲಿ ಕಂಡಿರುವಿರಿ. ಹಗುರವಾದ ಮರದಲ್ಲಿ ಕೈ, ಕಾಲು, ತಲೆಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಆ ಸಂದುಗಳನ್ನು ಕೂಡಿಸುವದು ಯಾವದು? ಗೋಣಿತಟ್ಟಿನ ಚಿಂದಿಯನ್ನು ನೆನೆಯಿಟ್ಟು, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೇಬೀಜದ ಅಂಟನ್ನೂ ಬೆರಸಿ ಮಾಡಿದ ಕಿಟ್ಟವೇ. ಅದರ ಮೇಲೆ ಅರಿವೆಯ ಸಣ್ಣ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಕಡೆಗೆ ಬಣ್ಣ ಹಚ್ಚುತ್ತಾರೆ. ಕೊಂಡವನು ಹೊಳೆಯುವ ಬಣ್ಣವನ್ನು ಮಾತ್ರ ನೋಡುತ್ತಾನೆ. ಆದರೆ ಬೀದಿಗೆ ಬಿಸಾಡತಕ್ಕ ಚಿಂದಿಯು ಒಳಗೆ ಇಲ್ಲದಿದ್ದರೆ ತೋಳು ದೇಹಕ್ಕೆ ಹತ್ತಿಕೊಂಡಿರದು. ನಿನ್ನ ಸೊಟ್ಟ ಹೊಲಿಗೆಯ ಚೌಕವನ್ನು ಸಭೆಗೆ ತರಲು ನಾಚುವವನೇ, ಈ ಚಿಂದಿಯಿಂದ ಕಲಿತುಕೋ. ಮೋಶೆಯ ಕಾಲದಲ್ಲಿ ದೇವದರ್ಶನದ ಗುಡಾರಕ್ಕೆ ಬಂಗಾರ ತಂದವರು ಇದ್ದರು. ಆಡಿನ ಕೂದಲನ್ನು ನೂತು ತಂದ ಹೆಂಗಸರೂ ಇದ್ದರು. ಬಂಗಾರವು ಒಳಗೆ ಹೊಳೆಯಿತು. ಆಡಿನ ಕೂದಲಿನ ಬಟ್ಟೆಯು ಗುಡಾರದ ಮೇಲೆ ಹೊದಿಕೆಯಾಗಿ ಅದನ್ನು ಕಾಪಾಡಿತು. ಎರಡೂ ಬೇಕಾಗಿದ್ದವು.

ಎರಡನೆಯ ಅಡ್ಡಿಯು ದೊಡ್ಡದು; ಅದು ಬೆರಳುಗಳಲ್ಲಿ ಅಲ್ಲ, ಹೃದಯದಲ್ಲಿ ಇದೆ. ಯಾರ ಹೆಸರಿನ ಚೌಕವನ್ನು ಸೇರಿಸಬೇಕು? ಉಪದೇಶಿಯ ಹೆಸರಿನದು, ಹಿರಿಯರ ಹೆಸರಿನದು, ಎಲ್ಲರಿಗೂ ಬೇಕಾಗಿದ್ದ ಅವ್ವನ ಹೆಸರಿನದು ಸುಲಭವಾಗಿ ಬರುವವು. ಆದರೆ ಸಾಲದ ಭಾರದಿಂದ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡವನದು? ಗುಳೆ ಹೋಗಿ ಪರಸ್ಥಳದಲ್ಲಿ ಸತ್ತು ಅಲ್ಲಿಯೇ ಮಣ್ಣಾದವನದು? ಹೆಸರಿಡುವ ಮುಂಚೆ ಹೋದ ಕೂಸಿನದು? ಬಾಯಲ್ಲಿ ಹೇಳಲು ಊರು ಅಂಜುವ ರೋಗದಿಂದ ಸತ್ತವನದು?

ಪ್ರಿಯರೇ, ಇಲ್ಲಿ ನನ್ನ ಸ್ವಂತ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಒಬ್ಬ ಯೌವನಸ್ಥನು ಏಡ್ಸ್ ರೋಗದಿಂದ ತೀರಿಕೊಂಡನು. ಊರಿನವರ ಮಾತಿಗೆ ಅಂಜಿ ಅವನ ಅಂಗಿ, ಹಾಸಿಗೆ, ಕೌದಿ ಎಲ್ಲವನ್ನೂ ಮನೆಯವರು ಸುಟ್ಟುಬಿಟ್ಟರು. ನಾನು ದೂರ ನಿಂತು ಸಂಕ್ಷೇಪವಾಗಿ ಪ್ರಾರ್ಥನೆ ಮಾಡಿ ಬಂದೆನು. ಆ ವರುಷದ ಕೊನೆಯ ಆರಾಧನೆಯಲ್ಲಿ ಅಗಲಿದವರ ಹೆಸರುಗಳನ್ನು ಓದುವಾಗ ಅವನ ಹೆಸರನ್ನು ಓದಲಿಲ್ಲ. ಪಟ್ಟಿಯು ಮುಗಿಯುವ ತನಕ ಅವನ ತಾಯಿ ತಲೆಯೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ತಲೆ ತಗ್ಗಿಸಿದಳು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಕ್ಷಮೆ ಕೇಳಬೇಕೆಂದು ನಾನು ಮನಸ್ಸು ಮಾಡುವದರೊಳಗೆ ಆಕೆಯೂ ತೀರಿಕೊಂಡಳು. ಆಕೆಯ ಕೈಯಲ್ಲಿ ತೋರಿಸುವದಕ್ಕೆ ಮಗನ ಒಂದು ಅರಿವೆಯೂ ಉಳಿದಿರಲಿಲ್ಲ. ಯೊಪ್ಪದ ವಿಧವೆಯರಿಗೆ ಇದ್ದದ್ದು ಈಕೆಗೆ ಇಲ್ಲದಂತೆ ಮಾಡಿದವರಲ್ಲಿ ನಾನೂ ಒಬ್ಬನು.

ಆ ರೋಗವು ಬಟ್ಟೆಯಿಂದ ಹರಡುವದಿಲ್ಲ. ಸಂಗಡ ಕೂತು ಉಣ್ಣುವದರಿಂದಲೂ, ಕೈ ಹಿಡಿಯುವದರಿಂದಲೂ, ಒಂದೇ ಕೌದಿ ಹೊದೆಯುವದರಿಂದಲೂ ಹರಡುವದಿಲ್ಲ. ನಮ್ಮ ಅಜ್ಞಾನವೂ ಅಂಜಿಕೆಯೂ ಮಾತ್ರ ಹೀಗೆ ಹರಡಿದವು. 2004ನೆಯ ಇಸವಿಯ ಏಪ್ರಿಲ್ ತಿಂಗಳಿಂದ ನಮ್ಮ ದೇಶದ ಸರಕಾರವು ಇದರ ಔಷಧವನ್ನು ಧರ್ಮಾರ್ಥವಾಗಿ ಕೊಡಲಾರಂಭಿಸಿತು. ತಪ್ಪದೆ ತೆಗೆದುಕೊಳ್ಳುವವರು ದುಡಿದು, ಮಕ್ಕಳನ್ನು ಬೆಳೆಸಿ, ಬಹುಕಾಲ ಬಾಳುತ್ತಾರೆ. ಇಂಥವರನ್ನು ಬೇರೆಯಾಗಿ ಕಾಣಬಾರದೆಂದು 2017ರಲ್ಲಿ ಕಾಯಿದೆಯೂ ಆಯಿತು. ಕಾಯಿದೆಯು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲದು. ಸಭೆಯ ಹೃದಯದ ಬಾಗಿಲನ್ನು ನಾವೇ ತೆರೆಯಬೇಕು.

ಈ ರೋಗದಲ್ಲಿ ಸತ್ತವರಿಗಾಗಿಯೇ ಅಮೇರಿಕಾ ದೇಶದಲ್ಲಿ ಒಂದು ದೊಡ್ಡ ಕೌದಿಯನ್ನು ಮಾಡಿದ ಸಂಗತಿಯನ್ನು ನೀವು ತಿಳಿಯತಕ್ಕದ್ದು. 1985ರಲ್ಲಿ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಜನರು ಸತ್ತವರ ಹೆಸರುಗಳನ್ನು ಕಾಗದದ ಹಲಗೆಗಳ ಮೇಲೆ ಬರೆದು ಒಂದು ಸರಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಕ್ಲೀವ್ ಜೋನ್ಸ್ ಎಂಬವನು ಅದನ್ನು ದೂರದಿಂದ ನೋಡಿದಾಗ ತುಂಡು ತುಂಡು ಜೋಡಿಸಿದ ಕೌದಿಯಂತೆ ಕಂಡಿತು. ಅದರಿಂದ ಈ ಕೆಲಸವು ಹುಟ್ಟಿತು. ಒಬ್ಬೊಬ್ಬರಿಗೆ ಮೂರು ಅಡಿ ಅಗಲ, ಆರು ಅಡಿ ಉದ್ದದ ಬಟ್ಟೆ. ಅದು ಒಂದು ಸಮಾಧಿಯ ಅಳತೆ. ಸೂಜಿ ಹಿಡಿದು ಅಭ್ಯಾಸವಿಲ್ಲದ ತಂದೆಗಳೂ ಗೆಳೆಯರೂ ಅದಕ್ಕಾಗಿ ಹೊಲಿಯಲು ಕೂತರು. 1987ನೆಯ ಅಕ್ಟೋಬರ್ 11ರಂದು ವಾಷಿಂಗ್ಟನ್ ನಗರದ ಬೈಲಿನಲ್ಲಿ ಅದನ್ನು ಮೊದಲು ಹಾಸಿದಾಗ 1,920 ತುಂಡುಗಳಿದ್ದವು. ಈಗ ಅವು ಸುಮಾರು 50,000 ಆಗಿವೆ. ಅವುಗಳ ಮೇಲಿರುವ ಹೆಸರುಗಳು ಒಂದು ಲಕ್ಷಕ್ಕೂ ಹೆಚ್ಚು. ಯಾರ ಶವವನ್ನು ಮುಟ್ಟಲು ಜನರು ಹಿಂದೆಗೆದರೋ ಅಂಥವರ ಹೆಸರನ್ನು ಅಲ್ಲಿ ಒಂದೊಂದಾಗಿ ಗಟ್ಟಿಯಾಗಿ ಓದಿದರು.

ಲೋಕದ ಜನರು ಹೀಗೆ ಮಾಡಿರಲಾಗಿ, ಸಭೆಯೆನಿಸಿಕೊಂಡ ನಾವು ಯಾವ ಹೆಸರನ್ನು ಬಿಡಬೇಕು? ವಿಮೋಚನಕಾಂಡದ 28ನೆಯ ಅಧ್ಯಾಯವನ್ನು ನೋಡಿರಿ. ಮಹಾಯಾಜಕನು ಇಸ್ರಾಯೇಲಿನ ಮಕ್ಕಳ ಹನ್ನೆರಡು ಹೆಸರುಗಳನ್ನು ಹೆಗಲಿನ ಮೇಲೆಯೂ ಎದೆಯ ಮೇಲೆಯೂ ಧರಿಸಿಕೊಂಡು ದೇವರ ಸನ್ನಿಧಿಗೆ ಹೋಗುತ್ತಿದ್ದನು. ಆ ಹನ್ನೆರಡು ಮಂದಿಯಲ್ಲಿ ರೂಬೇನನೂ ಇದ್ದನು, ಸಿಮೆಯೋನನೂ ಇದ್ದನು. ಅವರ ತಂದೆಯೇ ಮರಣಕಾಲದಲ್ಲಿ ಅವರ ನಡತೆಯನ್ನು ಖಂಡಿಸಿದ್ದನು. ಆದರೂ ದೇವರು ಹತ್ತು ಕಲ್ಲುಗಳು ಸಾಕೆಂದು ಹೇಳಲಿಲ್ಲ. ಮತ್ತು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ, ದೇಹದೊಳಗೆ ಮಾನವಿಲ್ಲದವೆಂದು ನಾವು ಎಣಿಸುವ ಅಂಗಗಳಿಗೇ ಹೆಚ್ಚಾದ ಮಾನದಿಂದ ಹೊದಿಸುತ್ತೇವೆಂದು ಬೋಧಿಸುತ್ತಾನೆ. ಆದದರಿಂದ ಯಾವ ಹೆಸರನ್ನು ಊರು ಮರೆಯಬೇಕೆಂದಿದೆಯೋ ಆ ಹೆಸರಿನ ಚೌಕವನ್ನು ಅಂಚಿನಲ್ಲಿ ಅಡಗಿಸಬೇಡಿರಿ. ಕೌದಿಯ ನಡುವೆ ಇಡಿರಿ. ಸತ್ತವನ ಬಟ್ಟೆ ಉಳಿಯದಿದ್ದರೆ ನೆರೆಯವಳು ತನ್ನ ಸೀರೆಯ ಸೆರಗಿನಿಂದ ಒಂದು ಗೇಣು ಕೊಡಲಿ.

ಆ ಮೇಲೆ ಕೌದಿಯನ್ನು ಏನು ಮಾಡಬೇಕು? ಗೋಡೆಗೆ ತೂಗಹಾಕಿ ನುಸಿಗೆ ಕೊಡಬೇಡಿರಿ. ದೊರ್ಕಳು ಹೊಲಿದದ್ದು ಜೀವವುಳ್ಳವರ ಮೈಮೇಲೆ ಇತ್ತು. ಹಾಗೆಯೇ ಇದು ಬಾಣಂತಿಯ ಮನೆಗೆ ಹೋಗಲಿ. ಚಳಿಜ್ವರದವನ ಮನೆಗೆ ಹೋಗಲಿ. ಗುಳೆಯಿಂದ ಬರಿಗೈಯಲ್ಲಿ ಬಂದವನ ಮನೆಗೆ ಹೋಗಲಿ. ಒಗೆದು ಒಣಗಿಸಿ ತಿರಿಗಿ ಸಭೆಗೆ ಬರಲಿ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿ ಜನರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಅವರ ಹೆಂಗಸರು ಕೌದಿಯನ್ನು ಹೊಲಿದು ಮುಗಿಸುವಾಗ ಮೂಲೆಗಳಿಗೆ ಅರಿವೆಯನ್ನು ಮಡಿಸಿ ಹೂವಿನಂತೆ ಹೊಲಿಯುತ್ತಾರೆ. ಆ ಹೂವಿಲ್ಲದ ಕೌದಿಯು ಬತ್ತಲೆಯಾದದ್ದೆಂದು ಎಣಿಸುತ್ತಾರೆ. ನಮ್ಮ ಕೌದಿಗೂ ನಾಲ್ಕು ಮೂಲೆಗಳಿವೆ. ಅವುಗಳನ್ನು ಸಭೆಯ ಮಕ್ಕಳ ಕೈಗೆ ಬಿಡಿರಿ. ಅವರ ಸೂಜಿ ಬೆರಳಿಗೆ ಚುಚ್ಚುವದು, ದಾರವು ಗಂಟಾಗುವದು, ಹೂವು ಹೂವಿನಂತೆ ಕಾಣದೆ ಇರಬಹುದು. ಆದರೂ ಆ ಮಕ್ಕಳು ಮುಂದೆ ನಮ್ಮ ಹೆಸರಿನ ಚೌಕಗಳನ್ನು ಹೊಲಿಯತಕ್ಕವರು. ಯಾರನ್ನೂ ಬಿಡದೆ ಹೊಲಿಯುವದನ್ನು ಅವರು ಈಗಲೇ ಕಲಿಯಲಿ.

ಪ್ರಾರ್ಥಿಸೋಣ. ಐದು ಸಾವಿರ ಜನರು ಉಂಡ ಮೇಲೆ ಮಿಕ್ಕ ತುಂಡುಗಳನ್ನೂ ಕೂಡಿಸಿಡಲು ಅಪ್ಪಣೆ ಕೊಟ್ಟ ಕರ್ತನೇ, ನಮ್ಮ ಸೊಟ್ಟ ಹೊಲಿಗೆಯನ್ನು ಅಂಗೀಕರಿಸು. ನಾವು ಓದದೆ ಬಿಟ್ಟ ಹೆಸರುಗಳನ್ನು ನಮಗೆ ಜ್ಞಾಪಕಪಡಿಸು. ಅವುಗಳಿಗಾಗಿ ಕಾದು ತಲೆ ತಗ್ಗಿಸಿದ ತಾಯಿಯರ ಮುಂದೆಯೂ ನಿನ್ನ ಮುಂದೆಯೂ ನಾವು ಮಾಡಿದ ಅಪರಾಧವನ್ನು ಕ್ಷಮಿಸು. ನಮ್ಮನ್ನು ಒಬ್ಬರಿಗೊಬ್ಬರನ್ನು ಕೂಡಿಸಿ ಹೊಲಿ. ಆಮೆನ್.