ಬೆಕೆಟ್ ಕಾಯ್ದುಕೊಂಡ ಹಕ್ಕು

ಹಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಒಬ್ಬ ಹುಡುಗನನ್ನು ತೋಳಿನ ಮೂಳೆ ಮುರಿಯುವಷ್ಟು ಹೊಡೆದರು. ಹುಡುಗನ ತಂದೆ ಪೋಲೀಸಿಗೆ ದೂರು ಕೊಡುವೆನೆಂದು ಬಂದರು. ಉಪಾಧ್ಯಾಯರೆಲ್ಲ ಸೇರಿ ಅವರನ್ನು ಕೂರಿಸಿ, ಕಾಫಿ ತರಿಸಿ, "ಇದು ಶಾಲೆಯ ವಿಷಯ, ನಾವೇ ವಿಚಾರಿಸಿಕೊಳ್ಳುತ್ತೇವೆ" ಎಂದು ಸಮಾಧಾನ ಹೇಳಿ ಕಳುಹಿಸಿದೆವು. ಆ ದಿನ ಎಲ್ಲರಿಗಿಂತ ಹೆಚ್ಚು ಮಾತನಾಡಿದವನು ನಾನೇ. ವಿಚಾರಣೆಯೂ ನಡೆಯಿತು, ಒಂದು ಎಚ್ಚರಿಕೆಯ ಪತ್ರದಲ್ಲಿ ಮುಗಿಯಿತು. ಥಾಮಸ್ ಬೆಕೆಟ್‌ನ ಚರಿತ್ರೆಯನ್ನು ಓದುವಾಗಲೆಲ್ಲ ಆ ತಂದೆಯ ಮುಖ ನನಗೆ ನೆನಪಾಗುತ್ತದೆ.

ಬೆಕೆಟ್ ಲಂಡನ್ನಿನ ವರ್ತಕನೊಬ್ಬನ ಮಗ. 1155ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಅವನನ್ನು ಚಾನ್ಸಲರನನ್ನಾಗಿ ಮಾಡಿಕೊಂಡ. ಇಬ್ಬರೂ ಆಪ್ತ ಗೆಳೆಯರು. ಮಂತ್ರಿಯ ವೈಭವ ದೊರೆಯನ್ನೇ ನಾಚಿಸುವಂತಿತ್ತು. 1159ರ ಟುಲೂಸ್ ದಂಡಯಾತ್ರೆಗಾಗಿ ಚರ್ಚಿನ ಮೇಲೂ ಭಾರಿ ಕಂದಾಯ ಹೇರಿದಾಗ ಅದಕ್ಕೆ ನೆರವಾದವನೂ ಈತನೇ. ಇಂಥವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರೆ ಚರ್ಚು ತನ್ನ ಕೈಯಲ್ಲಿದ್ದಂತೆಯೇ ಎಂದು ದೊರೆ ಎಣಿಸಿದ್ದರೆ ಆಶ್ಚರ್ಯವಿಲ್ಲ. 1162ರ ಜೂನ್ 2ರಂದು ಬೆಕೆಟ್ ಪಾದ್ರಿಯಾದ. ಮರುದಿನವೇ ಆರ್ಚ್‌ಬಿಷಪ್ ಆದ! ಸ್ವಲ್ಪ ಕಾಲದಲ್ಲೇ ಚಾನ್ಸಲರ್ ಪದವಿಯನ್ನು ಬಿಟ್ಟುಕೊಟ್ಟ.

ಜಗಳ ಹುಟ್ಟಿದ್ದು ಅಪರಾಧಿ ಪಾದ್ರಿಗಳ ಪ್ರಶ್ನೆಯಲ್ಲಿ. ಪಾದ್ರಿಯಾದವನು ಕೊಲೆ ಮಾಡಿದರೂ ಅವನನ್ನು ವಿಚಾರಿಸತಕ್ಕದ್ದು ಚರ್ಚಿನ ನ್ಯಾಯಸ್ಥಾನ. ಅದಕ್ಕೆ ರಕ್ತ ಹರಿಸುವ ಶಿಕ್ಷೆ ಕೊಡುವ ಅಧಿಕಾರವಿಲ್ಲ. ಬೆಡ್‌ಫರ್ಡ್‌ನ ಫಿಲಿಪ್ ಡ ಬ್ರೋಯ್ ಎಂಬ ಪಾದ್ರಿ ಒಬ್ಬ ನೈಟ್‌ನನ್ನು ಕೊಂದ ಆರೋಪದಿಂದ ಹೀಗೆ ಬಿಡುಗಡೆ ಹೊಂದಿ, ಆಮೇಲೆ ದೊರೆಯ ನ್ಯಾಯಾಧೀಶನನ್ನೇ ಬಯ್ದ. ಚರ್ಚು ಅಪರಾಧಿಯ ದೀಕ್ಷೆಯನ್ನು ಕಿತ್ತುಹಾಕಲಿ, ಆಮೇಲೆ ಅವನನ್ನು ತನ್ನ ಅಧಿಕಾರಿಗಳಿಗೆ ಒಪ್ಪಿಸಲಿ ಎಂಬುದು ಹೆನ್ರಿಯ ವಾದ. ಒಂದು ತಪ್ಪಿಗೆ ಎರಡು ಶಿಕ್ಷೆ ಸಲ್ಲದು ಎಂಬುದು ಬೆಕೆಟ್‌ನ ಉತ್ತರ. ಕೇಳಲು ಗಟ್ಟಿಯಾದ ತರ್ಕವೇ. ಆದರೆ ಲಂಚ ತಿಂದ ಗುಮಾಸ್ತೆಯನ್ನು ಕೆಲಸದಿಂದ ತೆಗೆದ ಮೇಲೂ ನಾವು ಕೋರ್ಟಿಗೆ ಎಳೆಯುತ್ತೇವಲ್ಲ! ಈ ಪ್ರಶ್ನೆಯಲ್ಲಿ ದೊರೆಯದೇ ಸರಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಾಗಿದ್ದರೆ ಬೆಕೆಟ್‌ನನ್ನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಡಲಾಗದಂತೆ ಮಾಡಿದವನು ಹೆನ್ರಿಯೇ. 1164ರ ಜನವರಿಯಲ್ಲಿ ಕ್ಲಾರೆಂಡನ್‌ನಲ್ಲಿ ಬೆಕೆಟ್ ಒಮ್ಮೆ ಮಣಿದ, ಮತ್ತೆ ಪಶ್ಚಾತ್ತಾಪಪಟ್ಟ. ಅದೇ ಅಕ್ಟೋಬರಿನಲ್ಲಿ ನಾರ್ತಾಂಪ್ಟನ್‌ನಲ್ಲಿ ದೊರೆ ಅವನನ್ನು ವಿಚಾರಣೆಗೆ ಕರೆದು, ಚಾನ್ಸಲರನಾಗಿದ್ದ ಕಾಲದ ಹಣದ ಲೆಕ್ಕವನ್ನೆಲ್ಲ ಒಪ್ಪಿಸೆಂದ. ಪಾದ್ರಿಗಳನ್ನು ಒಪ್ಪಿಸಬೇಕಾಗಿದ್ದ ನ್ಯಾಯಸ್ಥಾನ ಎಂಥದು ಎಂಬುದು ಅಂದು ಬಯಲಾಯಿತು. ವೈರಿಯನ್ನು ಹಣಿಯಲು ಹಳೆಯ ಕಡತ ಬಿಚ್ಚುವ ದೊರೆಯ ಕೈಗೆ ನಾಡಿನ ನ್ಯಾಯವೆಲ್ಲ ಸೇರಿದರೆ ಯಾರಿಗೆ ರಕ್ಷೆ? ಬೆಕೆಟ್ ತನ್ನ ಶಿಲುಬೆಯನ್ನು ತಾನೇ ಹಿಡಿದು ಸಭೆಗೆ ಬಂದ. ಕೆಲವೇ ವಾರಗಳಲ್ಲಿ ಫ್ರಾನ್ಸಿಗೆ ತಪ್ಪಿಸಿಕೊಂಡು ಹೋದ.

ಆರು ವರ್ಷ ದೇಶಾಂತರವಾಸ. ರಾಜಿಯಾಗಿ 1170ರ ಡಿಸೆಂಬರಿನಲ್ಲಿ ಹಿಂತಿರುಗಿದರೂ ಅವನ ಹಟ ತಗ್ಗಿರಲಿಲ್ಲ. ತನ್ನನ್ನು ಬದಿಗಿಟ್ಟು ದೊರೆಯ ಮಗನಿಗೆ ಕಿರೀಟ ತೊಡಿಸುವುದರಲ್ಲಿ ಪಾಲುಗೊಂಡ ಬಿಷಪ್ಪರ ಮೇಲೆ ದಂಡನೆ ವಿಧಿಸಿದ್ದ. ದೊರೆ ಸಿಟ್ಟಿನಲ್ಲಿ ಏನೋ ಅಂದ. ನಾಲ್ವರು ನೈಟರು ಹೊರಟುಬಂದು ಡಿಸೆಂಬರ್ 29ರ ಸಂಜೆ ಕ್ಯಾಂಟರ್ಬರಿಯ ದೇವಾಲಯದೊಳಗೇ ಅವನನ್ನು ಕಡಿದರು. ಸನ್ಯಾಸಿಗಳು ಬಾಗಿಲಿಗೆ ಅಗುಳಿ ಹಾಕಲು ಹೋದಾಗ ಬೇಡವೆಂದವನು ಬೆಕೆಟ್ಟೇ. ಶವದ ಮೇಲಿನ ಉಡುಪು ತೆಗೆದರೆ ಒಳಗೆ ಹೇನು ಹತ್ತಿದ ಒರಟು ಕೂದಲಂಗಿ! 1173ರಲ್ಲಿ ಪೋಪ್ ಅವನನ್ನು ಸಂತನೆಂದು ಸಾರಿದ. ಮರುವರ್ಷ ಹೆನ್ರಿ ಬರಿಗಾಲಲ್ಲಿ ಬಂದು, ಗೋರಿಯ ಬಳಿ ಸನ್ಯಾಸಿಗಳಿಂದ ಏಟು ತಿಂದ.

ಕೊಂದವರು ನೇಣಿಗೇರಲಿಲ್ಲ. ಚರ್ಚಿನ ಬಹಿಷ್ಕಾರ, ಪವಿತ್ರಭೂಮಿಗೆ ಹೋಗುವ ಪ್ರಾಯಶ್ಚಿತ್ತ ಇಷ್ಟೇ. ಬೆಕೆಟ್ ಕಾದುಕೊಂಡ ಪಾದ್ರಿಗಳ ವಿಶೇಷ ಹಕ್ಕಾದರೋ, ಆಮೇಲಾಮೇಲೆ ಬೈಬಲಿನ ಒಂದು ಸಾಲನ್ನು ಓದಬಲ್ಲ ಕಳ್ಳನೂ ನೇಣಿನಿಂದ ಪಾರಾಗುವ ದಾರಿಯಾಯಿತು. ಇಂಗ್ಲೆಂಡಿನಲ್ಲಿ ಅದು ಪೂರ್ತಿ ರದ್ದಾದದ್ದು 1827ರಲ್ಲಿ. ಇದೆಲ್ಲ ತಿಳಿದೂ, ಆ ಅಗುಳಿಯನ್ನು ಬೇಡವೆಂದ ಮನುಷ್ಯನ ಮುಂದೆ ನನ್ನ ತಲೆ ಬಾಗುತ್ತದೆ. ಅವನ ಹಕ್ಕಿಗೆ ಎದುರಾಗಿ ಒಬ್ಬ ದೊರೆ ನಿಂತಿದ್ದ. ಅದರ ಬೆಲೆಯನ್ನು ಅವನು ತನ್ನ ಮೈಯಿಂದಲೇ ತೆತ್ತ.

ನನ್ನ ಎದುರಿಗೆ ಕೂತಿದ್ದವನು ಯಾವ ದೊರೆಯೂ ಅಲ್ಲ, ಸೈಕಲ್ ರಿಪೇರಿ ಮಾಡುವ ಒಬ್ಬ ಬಡವ. ಆ ಹಕ್ಕಿಗಾಗಿ ನಾನು ತೆತ್ತದ್ದು ಒಂದು ಕಾಫಿಯ ದುಡ್ಡು. ಅದನ್ನೂ ಅವರು ಕುಡಿಯದೆ ಎದ್ದುಹೋದರು.