ಬಣ್ಣದ ಕೆಳಗಿನ ಕಪ್ಪು ಕಲೆ



ಈ ತಪಸ್ಸುಕಾಲದ ಮೂರು ಶನಿವಾರ ನಮ್ಮ ದೇವಾಲಯದ ಪಕ್ಕದ ಬಾಗಿಲು ಕೀಲು ಬಿಚ್ಚಿಸಿಕೊಂಡು ಎರಡು ಬೆಂಚುಗಳ ಮೇಲೆ ಮಲಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಯುವಜನರು ಏನು ಮಾಡುತ್ತಿದ್ದೀರಿ ಎಂದು ಹಲವರು ಕೇಳಿದಿರಿ. ಮಾಡಿದ್ದನ್ನೂ, ಮಾಡುವಾಗ ಕಲಿತದ್ದನ್ನೂ ನಿಮ್ಮ ಮುಂದೆ ಇಡುತ್ತೇವೆ.

ಅದು ಹೊನ್ನೆ ಮರದ ಬಾಗಿಲು. ಹಾಗೆಂದು ನಮಗೆ ಗೊತ್ತೇ ಇರಲಿಲ್ಲ. ಮೇಲೆ ಕಂದು, ಅದರಡಿ ನೀಲಿ, ಅದರಡಿ ಹಸಿರು. ಎಷ್ಟು ಬಳಿದರೂ ಚಿಲಕದ ಸುತ್ತ ಮಾತ್ರ ಬಣ್ಣ ಉಬ್ಬಿ ಏಳುತ್ತಿತ್ತು. ಈ ಸಲವೂ ಪಾಸ್ಕ ಹಬ್ಬಕ್ಕೆ ಒಂದು ಕೋಟು ಬಳಿದುಬಿಡೋಣ ಎಂದು ಡಬ್ಬಿ ತಂದೆವು. ಮರಗೆಲಸದ ಆಚಾರ್ರು ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ತೋರಿಸಿದರು. "ಒಳಗೆ ನೀರು ಕೂತಿದೆ. ಇದರ ಮೇಲೆ ಬಳಿದರೆ ಮುಂದಿನ ವರ್ಷವೂ ನೀವೇ ಬಳಿಯಬೇಕು" ಎಂದರು.

ಹಾಗಾಗಿ ಕೆರೆಯಲು ಕೂತೆವು. ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟುವವರೆಗೆ ಕಾದು, ಮರದ ಎಳೆಯ ಉದ್ದಕ್ಕೇ ಕೆರೆಯಬೇಕು. ಅಡ್ಡ ಕೆರೆದರೆ ಗೀರು ಬೀಳುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದು ಒಣಗಿದ್ದನ್ನು ಉಜ್ಜಲಿಲ್ಲ. ಒದ್ದೆ ಮಾಡಿ, ಮಾಸ್ಕ್ ಕಟ್ಟಿಕೊಂಡು, ಚಕ್ಕೆಗಳನ್ನೆಲ್ಲ ಚೀಲಕ್ಕೆ ತುಂಬಿದೆವು. ಎರಡನೆಯ ಶನಿವಾರ ಸಂಜೆಗೆ ಹೊಂಬಣ್ಣದ ಮರ ಕಾಣಿಸಿತು. ಜೊತೆಗೆ ಚಿಲಕದ ಸುತ್ತ ಅಂಗೈ ಅಗಲದ ಕಪ್ಪು ಕಲೆಯೂ ಕಾಣಿಸಿತು.

ನಮ್ಮಲ್ಲೊಬ್ಬ ಸಿಟ್ಟಿನಿಂದ 80 ನಂಬರಿನ ಉಪ್ಪು ಕಾಗದ ಹಿಡಿದು ಉಜ್ಜಿದ. ಮರ ಕುಳಿ ಬಿತ್ತು, ಕಲೆ ಹೋಗಲಿಲ್ಲ. ಏಕೆಂದರೆ ಅದು ಮೇಲಿನ ಕೊಳೆಯಲ್ಲ. ಹೊನ್ನೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಕಬ್ಬಿಣವೂ ನೀರೂ ಅದನ್ನು ಸೇರಿದರೆ ಮಸಿಯಂತೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡಿಕೊಳ್ಳುತ್ತಿದ್ದುದೂ ಹೀಗೆಯೇ.

ಮರ ಕೆಟ್ಟದ್ದಲ್ಲ. ಕಬ್ಬಿಣವೂ ಕೆಟ್ಟದ್ದಲ್ಲ, ಚಿಲಕವಿಲ್ಲದೆ ಬಾಗಿಲು ಮುಚ್ಚದು. ಎರಡರ ನಡುವೆ ಇಳಿದ ನೀರು, ಅದು ಆರದಂತೆ ನಾವು ಬಳಿದ ಬಣ್ಣ, ಇವೆರಡು ಸೇರಿ ಕಲೆ ಮಾಡಿದವು.

ಇಷ್ಟು ಅರ್ಥವಾದ ಮೇಲೆ ಕಳೆದ ವರ್ಷದ ಹಬ್ಬ ನೆನಪಾಗದೆ ಇರಲಿಲ್ಲ. ತೇರಿನ ಮುಂದೆ ಯಾವ ಭಾಷೆಯ ಹಾಡು ಮೊದಲು ಎಂಬ ಮಾತಿಗೆ ಕನ್ನಡದ ನಮಗೂ ತಮಿಳಿನ ಯುವಜನರಿಗೂ ಜಗಳವಾಯಿತು. ನಾವು ಕೆಲವೇ ಮಂದಿ, ನಮಗಾದ ನೋವು ನಿಜವಾದದ್ದೇ. ಆದರೆ ಆ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ನಾವು ಬರೆದದ್ದು ನೋವಲ್ಲ, ವಿಷ. ಮರುವಾರ ಗುರುಗಳು ಎಲ್ಲರನ್ನೂ ಕರೆದರು. ಕೈ ಕುಲುಕಿದೆವು, ಫೋಟೊ ತೆಗೆಸಿಕೊಂಡೆವು. ಅದೂ ಒಂದು ಕೋಟು ಬಣ್ಣ. ಆಮೇಲೆ ಎರಡೂ ಭಾಷೆಯವರು ಸೇರಿದ ಬಲಿಪೂಜೆಗಳಲ್ಲಿ, ಶಾಂತಿ ಹಂಚಿಕೊಳ್ಳುವ ಹೊತ್ತಿಗೆ, ನಾವು ನಮ್ಮವರಿದ್ದ ಕಡೆಗಷ್ಟೇ ತಿರುಗುತ್ತಿದ್ದೆವು.

ಮತ್ತಾಯನ ಶುಭಸಂದೇಶದಲ್ಲಿ (5:23-24) ಯೇಸುಸ್ವಾಮಿ ಹೇಳುವುದನ್ನು ಗಮನಿಸಿ. ಕಾಣಿಕೆಯೊಡನೆ ಬಲಿಪೀಠದ ಮುಂದೆ ನಿಂತವನು, ತನಗೆ ಯಾರ ಮೇಲೆ ಬೇಸರವಿದೆ ಎಂದು ನೆನೆಯಬೇಕೆಂದು ಅವರು ಹೇಳಲಿಲ್ಲ. ತನ್ನ ಮೇಲೆ ಯಾರಿಗೆ ಬೇಸರವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದರು. ನಾವು ಇಟ್ಟುಕೊಂಡಿದ್ದುದು ನಮ್ಮ ನೋವಿನ ಲೆಕ್ಕವನ್ನು ಮಾತ್ರ.

ಆಚಾರ್ರು ಆಕ್ಸಾಲಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ನಮಗೆ ಕೈಗವಸು ಹಾಕಿಸಿ, ಕಲೆಗೆ ಹಚ್ಚಿಸಿದರು. ಅದು ಮರವನ್ನು ಕೆತ್ತುವುದಿಲ್ಲ. ಒಳಗಿಳಿದ ಕಬ್ಬಿಣವನ್ನು ಹಿಡಿದು, ಕರಗಿಸಿ, ನೀರಿನೊಡನೆ ಹೊರಗೆ ತರುತ್ತದೆ. ಪಾಪನಿವೇದನೆಯಲ್ಲಿ ದೇವರ ಕೃಪೆ ಮಾಡುವುದೂ ಇದನ್ನೇ. ಅದು ನಮ್ಮನ್ನು ಕೆತ್ತಿ ಎಸೆಯುವುದಿಲ್ಲ, ನಮ್ಮಲ್ಲಿ ಇಳಿದದ್ದನ್ನು ಹೊರಗೆ ತರುತ್ತದೆ. ಆದರೆ ಬಣ್ಣದ ಮೇಲೆ ಹಚ್ಚಿದರೆ ಆ ನೀರು ಮರಕ್ಕೆ ಇಳಿಯದು. "ಅವರೇ ಶುರು ಮಾಡಿದ್ದು", "ಎಲ್ಲರೂ ಬರೆದರು" ಎಂಬ ಕೋಟುಗಳನ್ನು ಮೊದಲು ಕೆರೆಯಬೇಕು.

ಪಾಪನಿವೇದನೆ ಮಾಡಿ, ಮೂರನೆಯ ಶನಿವಾರಕ್ಕೆ ಮುಂಚೆ ನಾವು ತಮಿಳು ಯುವಜನರ ಬಳಿಗೆ ಹೋದೆವು. ಫೋಟೊ ತೆಗೆಯಲಿಲ್ಲ. ಬರೆದದ್ದನ್ನು ನಾವೇ ಓದಿ ಹೇಳಿ, ನಮ್ಮ ಹರಕು ತಮಿಳಿನಲ್ಲಿ ಕ್ಷಮೆ ಕೇಳಿದೆವು. ಕೆಲವರು ಕಣ್ಣೊರೆಸಿಕೊಂಡರು. ಒಬ್ಬರು ಇನ್ನೂ ಮಾತಾಡಿಲ್ಲ. ಕಾಯುತ್ತೇವೆ, ಅವರನ್ನು ದೂರುವುದಿಲ್ಲ. ಶನಿವಾರ ಅವರಲ್ಲಿ ನಾಲ್ವರು ಬಟ್ಟೆ ಚೂರು ಹಿಡಿದು ಎಣ್ಣೆ ಒರೆಸಲು ಬಂದರು.

ಹೌದು, ಈ ಸಲ ಬಣ್ಣ ಹಾಕಿಲ್ಲ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಬಿಟ್ಟು ಮತ್ತೆ ಹಚ್ಚಿದೆವು. ಒರೆಸಿದ ಬಟ್ಟೆಗಳನ್ನು ಬಿಡಿಸಿ ಒಣಹಾಕಿದೆವು. ಮುದುರಿ ಮೂಲೆಗೆ ಎಸೆದರೆ ಅವು ಬಿಸಿಯೇರಿ ತಾವೇ ಹೊತ್ತಿಕೊಳ್ಳಬಹುದು, ಒಳಗೇ ಮುದುರಿಟ್ಟ ಸಿಟ್ಟಿನ ಹಾಗೆ. ಅದೇ ಚಿಲಕದ ತುಕ್ಕು ತೆಗೆದು ಮತ್ತೆ ಕೂರಿಸಿದ್ದೇವೆ. ಎಣ್ಣೆಯ ಬಾಗಿಲನ್ನು ಪ್ರತಿ ವರ್ಷ ನೋಡಿಕೊಳ್ಳಬೇಕು. ಅದು ಏನನ್ನೂ ಮುಚ್ಚಿಡುವುದಿಲ್ಲ. ಒಂದು ಸಲ ಕೈ ಕುಲುಕಿದರೆ ಮುಗಿಯಿತು ಎಂದುಕೊಂಡ ನಮಗೆ ಅದೇ ದೊಡ್ಡ ಪಾಠ. ಅದಕ್ಕೇ ಪ್ರತಿ ವರ್ಷ ತಪಸ್ಸುಕಾಲ ಬರುತ್ತದೆ.

ಯೇಸುಸ್ವಾಮಿ ತಮ್ಮನ್ನೇ ಬಾಗಿಲೆಂದು ಕರೆದುಕೊಂಡರು (ಯೊವಾನ್ನ 10:9). ಆ ಬಾಗಿಲಿಗೆ ಕನ್ನಡದ ಕಡೆ, ತಮಿಳಿನ ಕಡೆ, ತೆಲುಗಿನ ಕಡೆ ಎಂದಿಲ್ಲ. ಪವಿತ್ರ ವಾರಕ್ಕೆ ಮುಂಚೆ ಪಾಪನಿವೇದನೆಗೆ ಬನ್ನಿ, ಪಕ್ಕದ ಬಾಗಿಲಿನಿಂದಲೇ ಬನ್ನಿ. ಚಿಲಕದ ಹತ್ತಿರ ಕಲೆಯ ತೆಳು ನೆರಳು ಇನ್ನೂ ಇದೆ. ಅಲ್ಲಿ ಕೈಯಿಟ್ಟು, ನಿಮ್ಮ ಮೇಲೆ ಬೇಸರವಿರುವ ಒಬ್ಬರನ್ನು ನೆನೆದು ಒಳಗೆ ಬನ್ನಿ.

ಬಡಗಿಯ ಕೈಗಳಿಂದ ಮರವನ್ನು ಅರಿತ ಸ್ವಾಮಿಯೇ, ನಾವು ಬಳಿದುಕೊಂಡದ್ದನ್ನು ಕೆರೆಯಲು ಧೈರ್ಯ ಕೊಡಿ. ನಮ್ಮೊಳಗೆ ಇಳಿದದ್ದನ್ನು ನಿಮ್ಮ ಕೃಪೆಯಿಂದ ತೊಳೆಯಿರಿ. ನಮ್ಮ ಧರ್ಮಕೇಂದ್ರದ ಬಾಗಿಲು ಎಲ್ಲರಿಗೂ ತೆರೆದಿರಲಿ. ಆಮೆನ್.