ಎಳೆಯರ ಗಳಿಕೆಗೆ ಒಡೆಯರಾರು?

ಮಗುವಿನ ಆಟವನ್ನು ಕಂಡು ಹೆತ್ತವರು ನಲಿಯುವುದು ಲೋಕಸಹಜವಾದುದು. ಆದರೆ ಆ ಆಟಕ್ಕೇ ಬೆಲೆ ಬಂದು, ಅದನ್ನು ನೋಡುವುದಕ್ಕೆ ಜನರು ಹಣ ತೆರತೊಡಗಿದರೆ, ಆ ಹಣವು ಯಾರಿಗೆ ಸಲ್ಲತಕ್ಕುದು? ಪ್ರಶ್ನೆಯು ಸುಲಭವೆಂದು ತೋರಿದರೂ ವಿಚಾರಿಸುತ್ತ ಹೋದಂತೆ ಜಟಿಲವಾಗುತ್ತದೆ. ಅಮೆರಿಕದ ಚಲಚ್ಚಿತ್ರನಟಿ ಶರ್ಲಿ ಟೆಂಪಲ್ ಎಂಬಾಕೆಯ ಜೀವಿತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಶರ್ಲಿಯು ಹುಟ್ಟಿದ್ದು 1928ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರದಲ್ಲಿ. ತಂದೆ ಬ್ಯಾಂಕಿನ ಉದ್ಯೋಗಿ. ಮೂರನೆಯ ವಯಸ್ಸಿಗೇ ನೃತ್ಯಶಾಲೆಗೆ ಸೇರಿದ ಮಗು 1932ರಲ್ಲಿ ಕಿರುಚಿತ್ರಗಳಲ್ಲಿ ಕಾಣಿಸಿಕೊಂಡಿತು. 1934ರ 'ಬ್ರೈಟ್ ಐಸ್' ಚಿತ್ರದಿಂದ ಆಕೆಯ ಕೀರ್ತಿ ದೇಶದೇಶಗಳಿಗೆ ಹಬ್ಬಿತು. 1935ರಿಂದ 1938ರವರೆಗೆ ನಾಲ್ಕು ವರ್ಷ, ಅಮೆರಿಕದ ಚಿತ್ರಮಂದಿರಗಳಿಗೆ ಜನರನ್ನು ಸೆಳೆದ ನಟನಟಿಯರಲ್ಲಿ ಮೊದಲ ಸ್ಥಾನ ಈ ಬಾಲೆಯದೇ. ಆರ್ಥಿಕ ಮುಗ್ಗಟ್ಟಿನ ಕಾಲವದು. ಕೆಲಸ ಕಳೆದುಕೊಂಡ ಗೃಹಸ್ಥನೂ ಆಕೆಯ ನಗುವಿನಲ್ಲಿ ಗಳಿಗೆ ಹೊತ್ತು ತನ್ನ ದುಃಖವನ್ನು ಮರೆಯುತ್ತಿದ್ದನು.

ಆದರೆ ಆ ನಗುವಿನ ಹಿಂದೆ ಇದ್ದುದೇನು? ಮೊದಲ ಕಿರುಚಿತ್ರಗಳ ಕಾಲದಲ್ಲಿ, ಹೇಳಿದಂತೆ ಕೇಳದ ಮಕ್ಕಳನ್ನು ಕತ್ತಲ ಪೆಟ್ಟಿಗೆಯಂಥ ಕೋಣೆಯೊಳಗೆ ಮಂಜುಗಡ್ಡೆಯ ಮೇಲೆ ಕೂರಿಸುತ್ತಿದ್ದರೆಂದು ಆಕೆಯೇ 1988ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಬರೆದಿದ್ದಾಳೆ. ಎಳೆತನದ ಬೆಡಗು ಹೆಚ್ಚು ಕಾಲ ಉಳಿದಂತೆ ತೋರಲೆಂದು ವಯಸ್ಸಿನಲ್ಲಿ ಒಂದು ವರ್ಷವನ್ನು ಕಡಿಮೆಮಾಡಿ ಸಾರಿದ್ದರು. ತನಗೆ ಹನ್ನೆರಡು ತುಂಬಿತೆಂದು ನಂಬಿದ್ದ ಹುಡುಗಿಗೆ ತುಂಬಿದ್ದು ಹದಿಮೂರೆಂದು ಆಮೇಲೆ ತಿಳಿಯಿತು. 1950ರಲ್ಲಿ, 22ನೆಯ ವಯಸ್ಸಿಗೆ, ಆಕೆ ಚಲಚ್ಚಿತ್ರಗಳನ್ನು ತೊರೆದಳು. ಗಳಿಕೆಯ ಲೆಕ್ಕವನ್ನು ನೋಡಿದಾಗ, ಸುಮಾರು 32 ಲಕ್ಷ ಡಾಲರಿನಲ್ಲಿ ಆಕೆಯ ಪಾಲಿಗೆ ಉಳಿದುದು ಸುಮಾರು 44,000 ಮಾತ್ರ. ಆದರೂ ಆಕೆ ತಂದೆಯ ಮೇಲೆ ವ್ಯಾಜ್ಯ ಹೂಡಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಹೆತ್ತು ಸಾಕಿದವರ ಋಣವನ್ನು ಮಕ್ಕಳು ತೀರಿಸಲಾರರು. ದಿನವೂ ಮಗಳ ತಲೆಗೂದಲಿಗೆ 56 ಸುರುಳಿಗಳನ್ನು ಸುತ್ತಿ, ಪಾಠವನ್ನು ಬಾಯಿಪಾಠ ಮಾಡಿಸಿ, ಚಿತ್ರಶಾಲೆಗೆ ಜತೆಯಾಗಿ ಹೋಗುತ್ತಿದ್ದವಳು ತಾಯಿ. ಆ ದುಡಿಮೆಯಿಲ್ಲದೆ ಈ ಕೀರ್ತಿಯೆಲ್ಲಿ? ಅಲ್ಲದೆ ಮಗಳೇ ಮನ್ನಿಸಿದ ಮೇಲೆ ಹೊರಗಿನವರು ತಪ್ಪೆನ್ನುವುದೇಕೆ?

ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ತಾಯಿಯ ಶ್ರಮಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಬೇಕು. ಆದರೆ ಪ್ರತಿಫಲವನ್ನು ಪಡೆಯುವುದು ಬೇರೆ, ಸರ್ವಸ್ವವನ್ನೂ ವ್ಯಯಮಾಡುವುದು ಬೇರೆ. ಸಾಕುವುದು ಹೆತ್ತವರ ಧರ್ಮ. ಅದು ಬಡ್ಡಿಯೊಡನೆ ಹಿಂದಕ್ಕೆ ಬರಬೇಕಾದ ಸಾಲವಲ್ಲ. ಇನ್ನು ಕ್ಷಮೆಯ ವಿಚಾರ. ಕ್ಷಮೆಯು ಕ್ಷಮಿಸಿದವಳ ಹಿರಿಮೆಯನ್ನು ಸಾರುತ್ತದೆಯೇ ಹೊರತು ತೆಗೆದುಕೊಂಡವರ ಕೃತ್ಯವನ್ನು ನ್ಯಾಯ್ಯವೆಂದು ಸ್ಥಾಪಿಸುವುದಿಲ್ಲ. ತಪ್ಪೇ ಇಲ್ಲದಿದ್ದರೆ ಮನ್ನಿಸುವುದಕ್ಕೆ ಏನಿರುತ್ತಿತ್ತು?

ಬಾಲರ ಧನವನ್ನು ಅವರ ಬಾಲ್ಯವು ಕಳೆಯುವವರೆಗೆ ರಾಜನು ರಕ್ಷಿಸಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಅದು ಪಿತ್ರಾರ್ಜಿತವನ್ನು ಕುರಿತ ಮಾತು. ಹಿರಿಯರು ಬಿಟ್ಟುಹೋದ ಧನಕ್ಕೇ ಅಷ್ಟು ರಕ್ಷಣೆಯಿದ್ದಮೇಲೆ, ಮಗು ತಾನೇ ಬೆವರು ಸುರಿಸಿ ಗಳಿಸಿದ್ದಕ್ಕೆ ಎಷ್ಟಿರಬೇಕು! ಮಗುವಿಗೆ ಒಪ್ಪುವ ಶಕ್ತಿಯೂ ಇಲ್ಲ, ನಿರಾಕರಿಸುವ ಶಕ್ತಿಯೂ ಇಲ್ಲ. ಆದಕಾರಣ ಆ ಹಣವು ಹೆತ್ತವರ ಕೈಯಲ್ಲಿ ನಿಕ್ಷೇಪ. ಅವರು ಅದರ ಕಾವಲುಗಾರರು, ಒಡೆಯರಲ್ಲ.

ರಾಜಶಾಸನವೂ ತಡವಾಗಿ ಈ ಹಾದಿಗೆ ಬಂದಿತು. 1921ರಲ್ಲಿ ಚಾಪ್ಲಿನ್‌ನೊಡನೆ 'ದ ಕಿಡ್' ಚಿತ್ರದಲ್ಲಿ ನಟಿಸಿದ ಬಾಲಕ ಜಾಕಿ ಕೂಗನ್, ಬೆಳೆದ ಮೇಲೆ ತನ್ನ ಗಳಿಕೆಗಾಗಿ 1938ರಲ್ಲಿ ಹೆತ್ತ ತಾಯಿಯ ಮೇಲೆಯೇ ದಾವೆ ಹೂಡಬೇಕಾಯಿತು. ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನಾಯಿತು. ಭಾರತದಲ್ಲಿ 2017ರ ನಿಯಮಗಳು ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, ಗಳಿಕೆಯಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕೆಂದೂ ಕಟ್ಟುಮಾಡಿವೆ.

ಹಣವನ್ನಾದರೂ ಎಣಿಸಬಹುದು, ಕಳೆದುಹೋದ ಬಾಲ್ಯವನ್ನು ಎಣಿಸುವ ಲೆಕ್ಕಿಗನಿಲ್ಲ. ಶರ್ಲಿಯು ಮುಂದೆ ಘಾನಾ ಮತ್ತು ಚೆಕೊಸ್ಲೊವಾಕಿಯ ದೇಶಗಳಲ್ಲಿ ತನ್ನ ದೇಶದ ರಾಯಭಾರಿಯಾಗಿ ಗೌರವದಿಂದ ಬಾಳಿ 2014ರಲ್ಲಿ ತೀರಿಕೊಂಡಳು. ಎಲ್ಲ ಬಾಲನಟರಿಗೂ ಆ ಭಾಗ್ಯವೂ ಆ ಧೃತಿಯೂ ದೊರೆಯುವುದಿಲ್ಲ. ಅಂತಹ ಮಕ್ಕಳ ಆಟವನ್ನು ನೋಡಿ ಆನಂದಪಟ್ಟವರೂ ಆ ದುಡಿಮೆಯ ಫಲವನ್ನು ಉಂಡವರೇ. ತಂದೆತಾಯಿಗಳನ್ನು ದೂರುವುದಕ್ಕೆ ಮೊದಲು, ತೆರೆಯ ಮೇಲಿನ ಮಗು ಮನೆಗೆ ಹೋಗಿ ಹೊತ್ತಿಗೆ ಸರಿಯಾಗಿ ಮಲಗುತ್ತದೆಯೇ ಎಂದು ಪ್ರೇಕ್ಷಕನೂ ಒಮ್ಮೆ ಕೇಳಿಕೊಳ್ಳತಕ್ಕುದು.